ಉದ್ದಕ್ಕೆ ಹೊಡೆದು ಉಸಿರು ಬಿಡುವ ಆಟ: ಐಸಿಂಗ್ ನಿಯಮದ ಕಥೆ

1987ರ ಡಿಸೆಂಬರ್ 8ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಬಾಸ್ಟನ್ ಬ್ರೂಯಿನ್ಸ್ ಐಸ್ ಹಾಕಿ ತಂಡ ಸೋಲಿನ ಅಂಚಿನಲ್ಲಿತ್ತು. ಕೊನೆಯ ಪ್ರಯತ್ನವೆಂದು ತನ್ನ ಗೋಲ್‌ಕೀಪರನ್ನು ಬೆಂಚಿಗೆ ಕರೆಸಿಕೊಂಡು, ಅವನ ಬದಲು ಆರನೆಯ ದಾಳಿಗಾರನನ್ನು ರಿಂಕಿಗೆ ಇಳಿಸಿತು. ಫಿಲಡೆಲ್ಫಿಯಾ ಫ್ಲೈಯರ್ಸ್‌ನ ಗೋಲ್‌ಕೀಪರ್ ರಾನ್ ಹೆಕ್ಸ್‌ಟಾಲ್ ಇದಕ್ಕೇ ಕಾದಿದ್ದವರಂತೆ ತಮ್ಮತ್ತ ಬಂದ ಪಕ್ಕನ್ನು ತಡೆದು, ಎತ್ತಿ ಬಾರಿಸಿದರು. ಆ ರಬ್ಬರ್ ಬಿಲ್ಲೆ ಎಲ್ಲರ ತಲೆಯ ಮೇಲಿಂದ ಹಾರಿ, ಮಂಜಿನ ಮೇಲೆ ಇಳಿದು, ಜಾರುತ್ತ ಹೋಗಿ ಖಾಲಿ ಬಲೆ ಸೇರಿತು. ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಗೋಲ್‌ಕೀಪರ್ ಒಬ್ಬರು ತಾವೇ ಗುರಿಯಿಟ್ಟು ಹೊಡೆದು ಗಳಿಸಿದ ಮೊದಲ ಗೋಲು ಅದು. ಇಂದಿಗೂ ಅದರ ವಿಡಿಯೊ ನೋಡುವವರಿದ್ದಾರೆ.

ಅದೇ ಬಿಲ್ಲೆ ಗೋಲ್ ಕಂಬದಿಂದ ಒಂದು ಗೇಣು ಆಚೆ ಸರಿದಿದ್ದರೆ ಸಾಹಸವೇ ತಪ್ಪಾಗಿಬಿಡುತ್ತಿತ್ತು. ಶಿಳ್ಳೆ ಮೊಳಗಿ ಆಟ ನಿಂತು, ಪಕ್ ಮರಳಿ ಹೆಕ್ಸ್‌ಟಾಲ್ ಅವರ ಗೋಲಿನ ಪಕ್ಕಕ್ಕೇ ಬರುತ್ತಿತ್ತು. ಆ ತಪ್ಪಿನ ಹೆಸರು ಐಸಿಂಗ್.

ನಿಯಮ ಕೇಳಲು ಸರಳ. ರಿಂಕಿನ ನಟ್ಟನಡುವೆ ಅಡ್ಡಲಾಗಿ ಒಂದು ಕೆಂಪು ಗೆರೆ ಇರುತ್ತದೆ. ತನ್ನ ಅರ್ಧದಲ್ಲೇ ಇರುವ ಆಟಗಾರ ಹೊಡೆದ ಪಕ್ ಯಾರಿಗೂ ತಾಗದೆ ಆ ಗೆರೆ ದಾಟಿ, ಎದುರಾಳಿಯ ಗೋಲ್ ಗೆರೆಯನ್ನೂ ದಾಟಿಹೋದರೆ ಅದು ಐಸಿಂಗ್. ಆಗ ಹೊಡೆದ ತಂಡದ ಗೋಲಿನ ಮಗ್ಗುಲಲ್ಲೇ ಫೇಸ್‌ಆಫ್ ನಡೆಯುತ್ತದೆ. ಎರಡೂ ತಂಡದ ಒಬ್ಬೊಬ್ಬ ಆಟಗಾರ ಎದುರುಬದುರು ಬಾಗಿ ನಿಲ್ಲುತ್ತಾನೆ, ಲೈನ್ಸ್‌ಮನ್ ನಡುವೆ ಪಕ್ ಬೀಳಿಸುತ್ತಾನೆ, ಕೋಲಿಗೆ ಕೋಲು ತಾಗಿ ಕಿತ್ತಾಟ ಶುರುವಾಗುತ್ತದೆ. ಸಂಕಟದಿಂದ ಪಾರಾಗಲೆಂದು ಪಕ್ಕನ್ನು ಇನ್ನೂರು ಅಡಿ ದೂರಕ್ಕೆ ಅಟ್ಟಿದ ತಂಡ ಮತ್ತೆ ಅದೇ ಸಂಕಟದ ಜಾಗದಲ್ಲಿ ನಿಲ್ಲಬೇಕು.

ಕೊಡಗಿನ ಹಾಕಿ ಮೈದಾನಗಳನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಹುಲ್ಲಿನ ಮೇಲಾಗಲಿ ಟರ್ಫ್ ಮೇಲಾಗಲಿ ರಕ್ಷಣೆಯ ಆಟಗಾರ ಚೆಂಡನ್ನು ಬಲವಾಗಿ ಮುಂದಕ್ಕೆ ಅಟ್ಟಿ, ಅದು ಆ ತುದಿಯ ಹಿಂಗೆರೆ ದಾಟಿದರೆ ಎದುರು ತಂಡ ಅಲ್ಲೇ ಮುಂದಿನಿಂದ ಆಟ ಶುರುಮಾಡುತ್ತದೆ, ಅಷ್ಟೆ. ಯಾರನ್ನೂ ಹಿಂದಕ್ಕೆ ಎಳೆತರುವುದಿಲ್ಲ. ಐಸ್ ಹಾಕಿಯ ಪಾಡೇ ಬೇರೆ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಹಲಗೆಯ ಗೋಡೆ. ಪಕ್ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, 170 ಗ್ರಾಮಿನ ಒಳಗಿನ ತೂಕ. ಅದು ಪುಟಿಯದಿರಲೆಂದು ಪಂದ್ಯಕ್ಕೆ ಮೊದಲು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಮಂಜಿನ ಮೇಲೆ ತಡೆಯೇ ಇಲ್ಲದ್ದರಿಂದ ಒಂದು ಏಟಿಗೆ ಅದು ಆ ತುದಿಯ ಹಲಗೆಗೆ ಬಡಿದು ಅಲ್ಲೇ ಬಿದ್ದಿರುತ್ತದೆ, ಹೊರಗೂ ಹೋಗುವುದಿಲ್ಲ. ಎದುರಾಳಿಗಳೆಲ್ಲ ತಿರುಗಿ, ಓಡಿ, ಅದನ್ನು ತಂದು, ದಾಳಿಯನ್ನು ಮೊದಲಿನಿಂದ ಕಟ್ಟಬೇಕು. ಅಷ್ಟರಲ್ಲಿ ಗಡಿಯಾರ ಓಡಿರುತ್ತದೆ. ಮುನ್ನಡೆಯಲ್ಲಿರುವ ತಂಡಕ್ಕೆ ಇದಕ್ಕಿಂತ ಅಗ್ಗದ ಉಪಾಯ ಬೇಕೆ?

ಒಂದು ಕಾಲದಲ್ಲಿ ಆ ಉಪಾಯಕ್ಕೆ ಯಾವ ತಡೆಯೂ ಇರಲಿಲ್ಲ. 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ರಿಂಕಿನಲ್ಲಿ ಒಳಾಂಗಣ ಪಂದ್ಯ ನಡೆದ ಮೇಲೆ ದಶಕಗಳ ಕಾಲ ಮುಂದಕ್ಕೆ ಪಾಸ್ ಕೊಡುವುದೇ ನಿಷಿದ್ಧವಾಗಿತ್ತು. ಜೊತೆಗಾರ ಹಿಂದೆ ಇರಬೇಕು, ಇಲ್ಲವೇ ಸರಿಸಮನಾಗಿ ಇರಬೇಕು. ಹಾಗಾಗಿ ಒತ್ತಡ ಬಿದ್ದಾಗ ರಕ್ಷಣೆಯವರು ಪಕ್ಕನ್ನು ಎಲ್ಲರ ತಲೆಯ ಮೇಲಿಂದ ಆಕಾಶಕ್ಕೆ ಎತ್ತಿ ಆ ತುದಿಗೆ ಕಳಿಸುತ್ತಿದ್ದರು. ಇದನ್ನು ಲಿಫ್ಟಿಂಗ್ ಅನ್ನುತ್ತಿದ್ದರು. ಅದು ತಪ್ಪಲ್ಲ, ಕಲೆ. ಎಷ್ಟು ಎತ್ತರಕ್ಕೆ ಎತ್ತಬಲ್ಲ ಎಂಬುದು ಡಿಫೆಂಡರಿನ ಹೆಗ್ಗಳಿಕೆ.

1920ರ ದಶಕದ ಕೊನೆಗೆ ರಕ್ಷಣೆಯ ಆಟ ಎಷ್ಟು ಗಟ್ಟಿಯಾಯಿತೆಂದರೆ ಗೋಲುಗಳೇ ಬತ್ತಿಹೋದವು. 1928-29ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್‌ನ ಗೋಲ್‌ಕೀಪರ್ ಜಾರ್ಜ್ ಹೇನ್ಸ್‌ವರ್ತ್ 44 ಪಂದ್ಯಗಳಲ್ಲಿ 22ರಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಆ ದಾಖಲೆ ಇನ್ನೂ ಮುರಿದಿಲ್ಲ. ಆದರೆ ಟಿಕೆಟ್ ಕೊಂಡು ಬಂದವರಿಗೆ ಅದು ಸಂಭ್ರಮದ ಸುದ್ದಿಯೇನೂ ಆಗಿರಲಿಲ್ಲ. ಮರುವರ್ಷವೇ ಲೀಗ್ ರಿಂಕಿನ ಎಲ್ಲ ವಲಯಗಳಲ್ಲೂ ಮುಂದಕ್ಕೆ ಪಾಸ್ ಕೊಡಲು ಬಿಟ್ಟಿತು. ಗೋಲುಗಳ ಮಳೆ ಸುರಿಯಿತು, ಅತಿಯಾಯಿತು. ಪಕ್ಕಿಗಿಂತ ಮೊದಲೇ ದಾಳಿ ವಲಯ ಹೊಕ್ಕರೆ ಆಫ್‌ಸೈಡ್ ಎಂದು ಅದೇ ಡಿಸೆಂಬರಿನಲ್ಲಿ ಮತ್ತೆ ತಿದ್ದಿದರು. ದಾಳಿಗೆ ಹೀಗೆ ದಾರಿ ತೆರೆದರೂ ಗೆಲ್ಲುತ್ತಿರುವ ತಂಡ ಆಟವನ್ನೇ ಆಡದೆ ಕಾಲ ಕಳೆದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಆ ಪ್ರಶ್ನೆ 1931-32ರ ಋತುವಿನಲ್ಲಿ ಬಾಸ್ಟನ್ ಗಾರ್ಡನ್‌ನಲ್ಲಿ ಎದ್ದಿತು. ಈಗ ಇಲ್ಲವಾಗಿರುವ ನ್ಯೂಯಾರ್ಕ್ ಅಮೆರಿಕನ್ಸ್ ತಂಡ ಬ್ರೂಯಿನ್ಸ್ ವಿರುದ್ಧ 3-2ರಿಂದ ಮುಂದಿತ್ತು. ಆ ಒಂದು ಗೋಲಿನ ಮುನ್ನಡೆ ಕಾಯಲು ಅವರು ಪಕ್ಕನ್ನು ಐವತ್ತಕ್ಕೂ ಹೆಚ್ಚು ಸಲ ಆ ತುದಿಗೆ ಅಟ್ಟಿದರು. ಪ್ರೇಕ್ಷಕರು ರೊಚ್ಚಿಗೆದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಮಂಜಿನ ಮೇಲೆ ಎಸೆದರು. ಆಟ ನಿಲ್ಲಿಸಿ ಎರಡೂ ತಂಡಗಳನ್ನು ಡ್ರೆಸಿಂಗ್ ರೂಮಿಗೆ ಕಳಿಸಬೇಕಾಯಿತು. ರಿಂಕ್ ಗುಡಿಸಿ ಮತ್ತೆ ಆಟ ಶುರುವಾದಾಗ ಅಮೆರಿಕನ್ಸ್ ಏನು ಮಾಡಿದರು? ಮತ್ತದೇ.

ಬ್ರೂಯಿನ್ಸ್‌ನ ಮಾಲೀಕ ಚಾರ್ಲ್ಸ್ ಆಡಮ್ಸ್ ಕಿರಾಣಿ ಅಂಗಡಿಗಳ ಜಾಲ ಕಟ್ಟಿ ಬೆಳೆದ ವ್ಯಾಪಾರಿ. ಗಿರಾಕಿ ಸಿಟ್ಟಾದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಇದಕ್ಕೆ ದಂಡ ವಿಧಿಸಬೇಕೆಂದು ಉಳಿದ ಮಾಲೀಕರನ್ನು ಕೇಳಿದರು, ಯಾರೂ ಒಪ್ಪಲಿಲ್ಲ. ಹಾಗಾದರೆ ನೋಡಿ ಎಂದು, ನ್ಯೂಯಾರ್ಕಿನಲ್ಲಿ ನಡೆದ ಮುಂದಿನ ಮುಖಾಮುಖಿಯಲ್ಲಿ ಬ್ರೂಯಿನ್ಸ್ ತಂಡ ಅದೇ ಮದ್ದನ್ನು ತಿರುಗಿ ಕುಡಿಸಿತು. ಆ ಪಂದ್ಯದಲ್ಲಿ ಬಾಸ್ಟನ್ 87 ಸಲ ಪಕ್ಕನ್ನು ಉದ್ದಕ್ಕೆ ಅಟ್ಟಿತು, ಅಂದರೆ ಸರಾಸರಿ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು. ಪಂದ್ಯ 0-0. ಕ್ರೀಡೆಯ ಇತಿಹಾಸದಲ್ಲಿ ಇಷ್ಟು ಬೇಸರದ ಸಂಜೆಯನ್ನು ಇಷ್ಟು ಶ್ರದ್ಧೆಯಿಂದ ರೂಪಿಸಿದವರು ವಿರಳ.

ಇಷ್ಟಾದ ಮೇಲೆ ನಿಯಮ ಮರುದಿನವೇ ಬಂತೆಂದು ಕಥೆ ಹೇಳುವವರು ಹೇಳಿಬಿಡುತ್ತಾರೆ, ಅದು ನಿಜವಲ್ಲ. ಎನ್‌ಎಚ್‌ಎಲ್ ಐಸಿಂಗ್ ನಿಯಮ ತಂದದ್ದು 1937ರ ಸೆಪ್ಟೆಂಬರಿನಲ್ಲಿ, ಆರು ವರ್ಷಗಳ ಬಳಿಕ. ಈಗ ಐಸಿಂಗ್ ತೀರ್ಮಾನಕ್ಕೆ ಆಧಾರವಾಗಿರುವ ನಡುವಿನ ಕೆಂಪು ಗೆರೆಯಂತೂ ಆಗ ಇರಲೇ ಇಲ್ಲ, ಅದು ಬಂದದ್ದು 1943-44ರಲ್ಲಿ. ಆ ಗೆರೆ ತಂದದ್ದೂ ಬೇರೆ ಕೆಲಸಕ್ಕೆ; ಪಾಸಿನ ಉದ್ದ ಎಷ್ಟಿರಬಹುದೆಂದು ಗೊತ್ತುಮಾಡಲು. ತನ್ನ ವಲಯದ ಗೆರೆಯನ್ನೂ ಈ ಕೆಂಪು ಗೆರೆಯನ್ನೂ ಒಟ್ಟಿಗೆ ದಾಟುವ ಪಾಸಿನ ಮೇಲಿದ್ದ ನಿಷೇಧ 2005ರಲ್ಲಿ ಬಿದ್ದುಹೋದ ಮೇಲೆ ಕೆಂಪು ಗೆರೆಗೆ ಉಳಿದ ದೊಡ್ಡ ಕೆಲಸ ಐಸಿಂಗ್ ಒಂದೇ.

ಕಾಲಹರಣ ಐಸ್ ಹಾಕಿಯೊಂದರ ರೋಗವಲ್ಲ. ಗಡಿಯಾರ ಇಟ್ಟು ಆಡುವ ಆಟಗಳಿಗೆಲ್ಲ ಅದು ಒಂದಲ್ಲ ಒಂದು ದಿನ ಅಂಟಿದೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕಾಲ ನೂಕಿ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. ಬ್ಯಾಸ್ಕೆಟ್‌ಬಾಲ್‌ಗೆ 24 ಸೆಕೆಂಡಿನ ಗಡಿಯಾರ ಬಂದದ್ದು 1954ರಲ್ಲಿ. 1990ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಡಿಫೆಂಡರುಗಳು ಗೋಲ್‌ಕೀಪರಿಗೆ ಚೆಂಡು ಒಪ್ಪಿಸುತ್ತ, ಅವನು ಅದನ್ನು ಎತ್ತಿಕೊಳ್ಳುತ್ತ ನಿಮಿಷಗಳನ್ನು ನುಂಗಿದರು. ಎರಡು ವರ್ಷದಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ಬೆಂಗಳೂರು ಬುಲ್ಸ್ ಪಂದ್ಯಗಳನ್ನು ನೋಡುವವರಿಗೆ ಪ್ರೊ ಕಬಡ್ಡಿಯ ಡೂ ಆರ್ ಡೈ ರೈಡ್ ಗೊತ್ತು: ಸತತ ಎರಡು ರೈಡ್ ಬರಿಗೈಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್. ಈ ಮೂರಕ್ಕೂ ಐಸಿಂಗ್ ನಿಯಮ ಅಣ್ಣ. ಆದರೆ ಅವುಗಳಂತೆ ಅದು ಒಂದೇ ತಿದ್ದುಪಡಿಯಲ್ಲಿ ನೆಲೆ ನಿಲ್ಲಲಿಲ್ಲ. ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಅದನ್ನು ತೇಪೆ ಹಾಕುತ್ತಲೇ ಬಂದಿದ್ದಾರೆ, ಪ್ರತಿ ತೇಪೆಯೂ ಪಕ್ಕದಲ್ಲೊಂದು ಹೊಸ ಹರಕು ತೋರಿಸಿದೆ.

ಹೆಸರಿನ ವಿಷಯ. ಕನ್ನಡದ ಕಿವಿಗೆ ಐಸಿಂಗ್ ಅಂದೊಡನೆ ಬೇಕರಿಯ ಹುಟ್ಟುಹಬ್ಬದ ಕೇಕೇ ನೆನಪಾಗುತ್ತದೆ. ಆ ಸಕ್ಕರೆ ಲೇಪಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ವಿವರಣೆ ಕೊಡುವುದುಂಟು. ಐಸ್ ಅಂದರೆ ರಿಂಕ್, ಪಕ್ಕನ್ನು ರಿಂಕಿನ ಉದ್ದಕ್ಕೂ ಅಟ್ಟುವುದೇ ಐಸಿಂಗ್ ಎಂಬುದು ಒಂದು. ಗೆಲುವನ್ನು ಖಾತ್ರಿ ಮಾಡಿಕೊಳ್ಳುವುದಕ್ಕೆ, ಕೈಗೆ ಬಂದದ್ದು ಕೆಡದಂತೆ ಮಂಜಿನಲ್ಲಿಡುವ ಅರ್ಥದಲ್ಲಿ, ಅಮೆರಿಕದ ಆಡುಮಾತು ಐಸ್ ಎಂಬುದನ್ನೇ ಕ್ರಿಯಾಪದ ಮಾಡಿಕೊಂಡಿದೆ, ಅಲ್ಲಿಂದ ಬಂತು ಎಂಬುದು ಇನ್ನೊಂದು. ಎರಡನೆಯದು ಹೇಳಲು ರುಚಿ. ಮೊದಲನೆಯದೇ ಹೆಚ್ಚು ನಂಬುವಂಥದ್ದು, ಏಕೆಂದರೆ ಕೆನಡಾದಲ್ಲಿ ಈ ಶಬ್ದ ಮೊದಲಿನಿಂದಲೂ ರಿಂಕಿಗೇ ಅಂಟಿಕೊಂಡಿದೆ. ಅಲ್ಲಿನ ಪತ್ರಿಕೆಗಳು ಒಂದು ಊರು ತಂಡ ಕಟ್ಟಿ ಕಣಕ್ಕಿಳಿಸಿತು ಎಂಬುದಕ್ಕೂ ಆ ಊರು ತಂಡವನ್ನು ಐಸ್ ಮಾಡಿತು ಎಂಬಂತೆಯೇ ಬರೆಯುತ್ತವೆ. ಅಲ್ಲಿ ಗೆಲುವಿನ ಖಾತ್ರಿಯ ಮಾತೇ ಇಲ್ಲ, ರಿಂಕಿನ ಮೇಲೆ ಇಳಿಸುವುದಷ್ಟೇ.

ಉಳಿದ ಭಾಷೆಗಳು ಇಂಗ್ಲಿಷನ್ನು ಕಾಯಲಿಲ್ಲ. ಫಿನ್ನಿಶ್ ಭಾಷೆಯಲ್ಲಿ ಇದು ಪಿಟ್ಕಾ ಕಿಯೆಕ್ಕೊ, ಉದ್ದ ಪಕ್. ರಷ್ಯನ್ನರಿಗೆ ಪ್ರೊಬ್ರೊಸ್, ಆಚೆತನಕ ಎಸೆಯುವುದು. ಜರ್ಮನರು ಅಪ್ಪಣೆಯಿಲ್ಲದ ದೂರದ ಹೊಡೆತ ಎನ್ನುತ್ತಾರೆ, ಚೆಕ್ ಜನ ನಿಷಿದ್ಧ ಬಿಡುಗಡೆ ಎನ್ನುತ್ತಾರೆ, ಕ್ವಿಬೆಕ್‌ನ ಫ್ರೆಂಚ್ ಮಾತಿನವರದ್ದೂ ಹೆಚ್ಚುಕಡಿಮೆ ಅದೇ. ಈ ಹೆಸರುಗಳಲ್ಲಿ ತಪ್ಪಿನ ಸ್ವರೂಪವೇ ಇದೆ. ಹೊಸಬರು ಹೆಸರು ಕೇಳಿಯೇ ಅರ್ಧ ನಿಯಮ ಊಹಿಸಬಹುದು. ಸ್ವೀಡನ್ನಿನವರು, ಜಪಾನಿನವರು ಮಾತ್ರ ಐಸಿಂಗ್ ಎಂಬುದನ್ನೇ ಇಟ್ಟುಕೊಂಡರು. ಭಾರತೀಯ ಭಾಷೆಗಳಲ್ಲಿ ಈ ಆಟಕ್ಕೆ ನಿಜವಾದ ವೀಕ್ಷಕ ವಿವರಣೆ ಹುಟ್ಟಿದ್ದು ಪಂಜಾಬಿಯಲ್ಲಿ, ಅದೂ ಕೆನಡಾದಲ್ಲಿ. 2008ರಿಂದ ಅಲ್ಲಿನ ಪ್ರಸಿದ್ಧ ಶನಿವಾರದ ಹಾಕಿ ಪ್ರಸಾರಕ್ಕೆ ಪಂಜಾಬಿ ಆವೃತ್ತಿ ಇದೆ. ಅವರು ಪಕ್ಕಿಗೆ ಟಿಕ್ಕಿ ಎಂದರು, ಆಲೂ ಟಿಕ್ಕಿಯ ಟಿಕ್ಕಿ. ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್‌ಗೆ ಚಪೇಡ್, ಅಂದರೆ ಕಪಾಳಮೋಕ್ಷ. ನಿಘಂಟು ತೆರೆದು ಕೂತವರಿಗೆ ಹೊಳೆಯುವ ಪದಗಳಲ್ಲ ಇವು.

ಇನ್ನು ವಿನಾಯಿತಿಗಳ ಮಾತು. ಫೇಸ್‌ಆಫ್‌ನಿಂದ ನೇರವಾಗಿ ಹಾರಿಹೋದ ಪಕ್ ಐಸಿಂಗ್ ಅಲ್ಲ. ಎದುರಾಳಿ ಗೋಲ್ ಗೆರೆಗೆ ಮೊದಲೇ ಅದನ್ನು ಹಿಡಿಯಬಹುದಿತ್ತು, ಸೋಮಾರಿತನದಿಂದ ಬಿಟ್ಟ ಎಂದು ಲೈನ್ಸ್‌ಮನ್‌ಗೆ ಅನಿಸಿದರೂ ಅಲ್ಲ. ಗೋಲ್‌ಕೀಪರ್ ತನ್ನ ಜಾಗ ಬಿಟ್ಟು ಪಕ್ಕಿನತ್ತ ಮುಂದೆ ಬಂದರೂ ಅಲ್ಲ. ಇವೆಲ್ಲ ನ್ಯಾಯವೇ. ಅರಗಿಸಿಕೊಳ್ಳಲು ಕಷ್ಟವಾಗುವುದು ಇನ್ನೊಂದು: ತಪ್ಪು ಮಾಡಿ ಒಬ್ಬ ಆಟಗಾರನನ್ನು ಎರಡು ನಿಮಿಷ ಶಿಕ್ಷೆಯ ಪೆಟ್ಟಿಗೆಗೆ ಕಳಿಸಿದ ತಂಡ, ಆ ಎರಡು ನಿಮಿಷವೂ ಪಕ್ಕನ್ನು ಎಷ್ಟು ಸಲ ಬೇಕಾದರೂ ಉದ್ದಕ್ಕೆ ಅಟ್ಟಬಹುದು. ಯಾರೂ ಶಿಳ್ಳೆ ಊದುವುದಿಲ್ಲ.

ತಪ್ಪು ಮಾಡದ ತಂಡಕ್ಕೆ ಇಲ್ಲದ ಸವಲತ್ತು ತಪ್ಪು ಮಾಡಿದ ತಂಡಕ್ಕೆ! ಸಮರ್ಥಕರ ವಾದ ಇಷ್ಟು: ನಾಲ್ವರು ಐವರನ್ನು ಎದುರಿಸುವಾಗ ಉಸಿರಾಡಲು ಒಂದು ಕಿಂಡಿ ಬೇಕು, ಇಲ್ಲವಾದರೆ ಪ್ರತಿ ಶಿಕ್ಷೆಯೂ ಗೋಲಾಗಿ ಪಂದ್ಯಗಳು ರೆಫರಿಯ ಕೈಗೆ ಹೋಗುತ್ತವೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬೇರೆ ದಾರಿಯೂ ಸಾಧ್ಯವೆಂದು ಕಂಡಾಗಿದೆ. 1972ರಿಂದ 1979ರವರೆಗೆ ಎನ್‌ಎಚ್‌ಎಲ್‌ಗೆ ಪೈಪೋಟಿಯಾಗಿ ನಡೆದ ವರ್ಲ್ಡ್ ಹಾಕಿ ಅಸೋಸಿಯೇಷನ್ ಈ ವಿನಾಯಿತಿಯನ್ನು ಒಪ್ಪಲೇ ಇಲ್ಲ. ನಾಲ್ವರೇ ಇದ್ದರೂ ಐಸಿಂಗ್ ಐಸಿಂಗೇ. ಆ ಲೀಗ್ ಮುಳುಗಿದ್ದು ಹಣದ ಮುಗ್ಗಟ್ಟಿನಿಂದ, ಈ ನಿಯಮದಿಂದಲ್ಲ.

ಮೂಲ ನಿಯಮದ ಇನ್ನೊಂದು ಹರಕು ಇದಕ್ಕಿಂತ ಘೋರ. ಪಕ್ ಗೋಲ್ ಗೆರೆ ದಾಟಿದರಷ್ಟೇ ಸಾಲದು, ರಕ್ಷಣೆಯ ಆಟಗಾರ ಹೋಗಿ ಅದನ್ನು ಮೊದಲು ಮುಟ್ಟಬೇಕು, ಆಗ ಮಾತ್ರ ಐಸಿಂಗ್ ಎಂಬುದು ಎನ್‌ಎಚ್‌ಎಲ್‌ನಲ್ಲಿ ಬಹುಕಾಲ ನಡೆದ ಪದ್ಧತಿ. ದಾಳಿಯವನು ಮೊದಲು ತಲುಪಿದರೆ ಆಟ ಮುಂದುವರಿಯುತ್ತದೆ. ಹಾಗಾಗಿ ಪ್ರತಿ ಸಲವೂ ಇಬ್ಬರು ಹಲಗೆಯ ಗೋಡೆಯತ್ತ ಜಿದ್ದಿಗೆ ಬಿದ್ದು ಓಡಬೇಕು. ಕಾಲಿಗೆ ಕತ್ತಿಯಂಥ ಅಲಗು ಕಟ್ಟಿಕೊಂಡು, ಒಬ್ಬರ ಭುಜಕ್ಕೆ ಇನ್ನೊಬ್ಬರು ತಾಗುತ್ತ, ಎದುರಿಗೆ ಗೋಡೆ ಬರುತ್ತಿರುವಾಗ ವೇಗ ಹೆಚ್ಚಿಸುವ ಓಟ ಅದು. ಹತ್ತರಲ್ಲಿ ಒಂಬತ್ತು ಸಲ ರಕ್ಷಣೆಯವನೇ ಮೊದಲು ಮುಟ್ಟುತ್ತಾನೆ, ಏನೂ ಆಗುವುದಿಲ್ಲ. ಹತ್ತನೆಯದರ ರೋಚಕತೆಗಾಗಿ ಒಂಬತ್ತರ ಅಪಾಯ.

1990ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದ ಕೊಶಿತ್ಸೆ ನಗರದ ಪಂದ್ಯದಲ್ಲಿ ಜ್ಲೀನ್ ತಂಡದ ಡಿಫೆಂಡರ್ ಲುಡೆಕ್ ಚೈಕಾ ಇಂಥದೇ ಪಕ್ಕಿನ ಹಿಂದೆ ಓಡುವಾಗ ಬಿದ್ದು ಹಲಗೆಗೆ ಅಪ್ಪಳಿಸಿದರು. ಕತ್ತಿನ ಬಳಿ ಬೆನ್ನುಮೂಳೆಗೆ ಏಟು ಬಿತ್ತು. ಫೆಬ್ರುವರಿ 14ರಂದು ತೀರಿಕೊಂಡಾಗ ಅವರಿಗೆ 26 ವರ್ಷ. ಜ್ಲೀನ್‌ನ ಹಾಕಿ ಕ್ರೀಡಾಂಗಣಕ್ಕೆ ಇಂದು ಅವರದೇ ಹೆಸರು. ಆ ಸಾವಿನ ಬಳಿಕ ಅಲ್ಲಿ ಓಟದ ಪದ್ಧತಿಯನ್ನೇ ಕೈಬಿಟ್ಟರು. ಪಕ್ ಗೋಲ್ ಗೆರೆ ದಾಟಿದೊಡನೆ ಶಿಳ್ಳೆ, ಯಾರೂ ಮುಟ್ಟಬೇಕಾಗಿಲ್ಲ. ಅಂತಾರಾಷ್ಟ್ರೀಯ ಪಂದ್ಯಗಳಲ್ಲೂ ಈ ತಾನೇ ತಾನಾದ ಐಸಿಂಗ್ ನೆಲೆಯೂರಿತು.

ಎನ್‌ಎಚ್‌ಎಲ್ ಮಾತ್ರ ಓಟವನ್ನು ಬಿಡಲೊಲ್ಲದಾಯಿತು. 2008ರ ಮಾರ್ಚ್‌ನಲ್ಲಿ ಸ್ಯಾನ್ ಹೋಸೆಯಲ್ಲಿ ಮಿನಿಸೋಟ ವೈಲ್ಡ್‌ನ ಡಿಫೆಂಡರ್ ಕರ್ಟಿಸ್ ಫಾಸ್ಟರ್ ಅವರ ತೊಡೆಮೂಳೆ ಮುರಿಯಿತು. ಮತ್ತೆ ಆಡಲು ಒಂದು ವರ್ಷದ ಹತ್ತಿರ ಬೇಕಾಯಿತು. 2011ರಲ್ಲಿ ಋತುಪೂರ್ವ ಪಂದ್ಯವೊಂದರಲ್ಲಿ ಎಡ್ಮಂಟನ್ ತಂಡದಲ್ಲಿ ಜಾಗ ಗಿಟ್ಟಿಸಲು ಹೆಣಗುತ್ತಿದ್ದ ಯುವಕ ಟೇಲರ್ ಫೆಡುನ್ ಅವರಿಗೂ ಅದೇ ಗತಿ, ಅದೇ ಮೂಳೆ. 2013ರ ಏಪ್ರಿಲ್‌ನಲ್ಲಿ ಕ್ಯಾರೊಲೈನಾದ ಫಿನ್ನಿಶ್ ಡಿಫೆಂಡರ್ ಜೋನಿ ಪಿಟ್ಕಾನೆನ್ ಓಟ ಗೆದ್ದರು, ಹಿಮ್ಮಡಿ ಚೂರಾಯಿತು. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ಅದೇ ಕೊನೆ. ಪ್ರತಿ ಸಲವೂ ಮರುಕ, ಚರ್ಚೆ, ಮತ್ತೆ ಮೌನ. ಬಣ್ಣಬಣ್ಣದ ಕೋಟಿನ ಟೀವಿ ವಿಶ್ಲೇಷಕ ಡಾನ್ ಚೆರಿ ವರ್ಷಗಟ್ಟಲೆ ಈ ಓಟ ನಿಲ್ಲಿಸಿ ಎಂದು ಕೂಗಿದರು. ಒರಟು ಆಟದ ದೊಡ್ಡ ವಕೀಲರೆಂದೇ ಹೆಸರಾದವರು ಹಾಗೆ ಹೇಳಬೇಕಾಗಿ ಬಂದದ್ದೇ ಸಾಕಷ್ಟು ಎಚ್ಚರಿಕೆಯಾಗಬೇಕಿತ್ತು.

ಕೊನೆಗೆ ಸಿಕ್ಕ ರಾಜಿ ಹೈಬ್ರಿಡ್ ಐಸಿಂಗ್. ಅಮೆರಿಕದ ಕಿರಿಯರ ಲೀಗ್, ಕಾಲೇಜು ಪಂದ್ಯಗಳು, ಕೆಳಹಂತದ ಅಮೆರಿಕನ್ ಹಾಕಿ ಲೀಗ್ ಇವುಗಳಲ್ಲಿ ಪಳಗಿದ ಮೇಲೆ, 2013ರಲ್ಲಿ ಆಟಗಾರರ ಸಂಘ ಮತ ಹಾಕಿ ಒಪ್ಪಿದ್ದರಿಂದ ಎನ್‌ಎಚ್‌ಎಲ್‌ಗೆ ಬಂತು. ಮರುವರ್ಷ ಅಂತಾರಾಷ್ಟ್ರೀಯ ಒಕ್ಕೂಟವೂ ಅದನ್ನೇ ತೆಗೆದುಕೊಂಡಿತು. ಇದರಲ್ಲಿ ಓಟ ಉಂಟು, ಗೋಡೆಯವರೆಗೆ ಇಲ್ಲ. ಗೋಲ್ ಗೆರೆಯಿಂದ 20 ಅಡಿ ಈಚೆಗೆ ಫೇಸ್‌ಆಫ್ ಚುಕ್ಕೆಗಳಿವೆ. ಇಬ್ಬರಲ್ಲಿ ಮೊದಲಿನವನು ಆ ಚುಕ್ಕೆಗಳ ಮಟ್ಟಕ್ಕೆ ಬರುವ ಹೊತ್ತಿಗೆ ಪಕ್ ಯಾರಿಗೆ ಮೊದಲು ಸಿಗುತ್ತದೆಂದು ಲೈನ್ಸ್‌ಮನ್ ಅಂದಾಜು ಮಾಡಿ ತೀರ್ಮಾನಿಸುತ್ತಾನೆ. ರಕ್ಷಣೆಯವನಾದರೆ ಶಿಳ್ಳೆ, ದಾಳಿಯವನಾದರೆ ಆಟ ಮುಂದಕ್ಕೆ. ಅಂದಾಜು ಅಂದ ಮೇಲೆ ತಕರಾರು ಇದ್ದದ್ದೇ. ಪಕ್ ಹಲಗೆಯಂಚಿಗೆ ಸುತ್ತಿಬರುವಾಗ ಚುಕ್ಕೆಗೆ ಮೊದಲು ಬಂದವನೇ ಪಕ್ಕಿಗೂ ಮೊದಲೆಂದು ಹೇಳುವುದು ಹೇಗೆ? ಬೆಂಚುಗಳಿಂದ ಈಗಲೂ ಬೈಗುಳ ಕೇಳಿಬರುತ್ತದೆ. ಕಾಲು ಮುರಿಯುವುದಕ್ಕಿಂತ ಬೈಗುಳ ಮೇಲು.

ಇಷ್ಟೆಲ್ಲ ತಿದ್ದುಪಡಿಗಳಲ್ಲಿ ಆಟವನ್ನೇ ಬದಲಿಸಿದ್ದು ಯಾವುದು ಎಂದರೆ ಅಪಾಯಕ್ಕೂ ಓಟಕ್ಕೂ ಸಂಬಂಧವಿಲ್ಲದ, ಒಂದೇ ಸಾಲಿನ ನಿಯಮ. 2004-05ರ ಇಡೀ ಋತು ಮಾಲೀಕರ ಮತ್ತು ಆಟಗಾರರ ಜಗಳದಲ್ಲಿ ಕೊಚ್ಚಿಹೋದ ಮೇಲೆ, ಪ್ರೇಕ್ಷಕರನ್ನು ಮರಳಿ ಕರೆತರಲು ಲೀಗ್ ಹಲವು ನಿಯಮ ಬದಲಿಸಿತು. ಅದರಲ್ಲೊಂದು: ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ.

ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ಒಮ್ಮೆಗೆ ಮುಕ್ಕಾಲು ನಿಮಿಷದಷ್ಟು ಆಡುತ್ತಾನೆ, ಅಷ್ಟರಲ್ಲಿ ಶಕ್ತಿಯೆಲ್ಲ ಬಸಿದು ಬೆಂಚಿಗೆ ಮರಳುತ್ತಾನೆ. ಆಟ ನಡೆಯುತ್ತಿರುವಾಗಲೇ ಹಲಗೆ ಹಾರಿ ಹೊಸಬರು ಇಳಿಯುತ್ತಾರೆ. ಎದುರಾಳಿಯ ಮುತ್ತಿಗೆಯಲ್ಲಿ ಸಿಕ್ಕಿದ ಐವರಿಗೆ ಆ ಅವಕಾಶವೇ ಸಿಗದೆ ಒಂದೂವರೆ ನಿಮಿಷ ಕಳೆಯಿತು ಅನ್ನಿ. ತೊಡೆ ಉರಿಯುತ್ತಿದೆ, ಉಸಿರು ಹತ್ತುತ್ತಿಲ್ಲ. ಮೊದಲಾದರೆ ಪಕ್ಕನ್ನು ಅತ್ತ ಅಟ್ಟಿ, ಶಿಳ್ಳೆ ಕೇಳಿ, ಬೆಂಚಿಗೆ ಹೋಗಿ ಕೂತು ನೀರು ಕುಡಿಯುತ್ತಿದ್ದರು. ಈಗ ಅಟ್ಟಿದರೆ ಅದೇ ಐವರು ತಮ್ಮದೇ ಗೋಲಿನ ಬಳಿ ಸಾಲು ನಿಲ್ಲಬೇಕು. ಎದುರಾಳಿ ಮಾತ್ರ ಬೆಂಚಿನಿಂದ ಅತ್ಯುತ್ತಮ ಐವರನ್ನು ಆರಿಸಿ ಇಳಿಸುತ್ತಾನೆ. ಎರಡನೆಯ ಅವಧಿಯಲ್ಲಿ ಇದು ಇನ್ನೂ ಕಠಿಣ. ಆಗ ತಂಡಗಳು ತುದಿ ಬದಲಿಸಿಕೊಂಡಿರುತ್ತವೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತದೆ. ರಕ್ಷಿಸುವ ಗೋಲಿನಿಂದ ಬೆಂಚು ದೂರವಾಗಿ, ಪಾರಾಗುವ ದಾರಿಯೇ ಉದ್ದವಾಗುತ್ತದೆ.

ಕೋಚುಗಳು ಸುಮ್ಮನಿರುತ್ತಾರೆಯೇ? ಐಸಿಂಗ್ ಆದೊಡನೆ ಟೈಮ್‌ಔಟ್ ಕೇಳಿ ದಣಿದವರಿಗೆ ಅರ್ಧ ನಿಮಿಷ ಉಸಿರು ಕೊಡಿಸತೊಡಗಿದರು. 2017-18ರಿಂದ ಅದೂ ನಿಷಿದ್ಧ. ಐಸಿಂಗ್ ಬಳಿಕದ ನಿಲುಗಡೆಯಲ್ಲಿ ಟೀವಿ ಜಾಹೀರಾತಿನ ವಿರಾಮವನ್ನೂ ಕೊಡುವುದಿಲ್ಲ. ಜಾಹೀರಾತಿನ ದುಡ್ಡಿಗಿಂತ ಒಂದು ನಿಯಮದ ಉದ್ದೇಶ ದೊಡ್ಡದೆಂದು ಲೀಗ್ ಒಪ್ಪಿಕೊಂಡ ಅಪರೂಪದ ಜಾಗ. 2019-20ರಲ್ಲಿ ಇನ್ನೂ ಒಂದು ತಿರುವು: ಗೋಲಿನ ಎಡಗಡೆಯ ಚುಕ್ಕೆಯೋ ಬಲಗಡೆಯದೋ, ಫೇಸ್‌ಆಫ್ ಎಲ್ಲಿ ನಡೆಯಬೇಕೆಂದು ಆರಿಸುವ ಹಕ್ಕೂ ದಾಳಿಯ ತಂಡಕ್ಕೇ ಹೋಯಿತು. ತಮ್ಮ ಕೈವಾಟಕ್ಕೆ ಹೊಂದುವ ಬದಿಯನ್ನು ಅವರು ಹಿಡಿಯುತ್ತಾರೆ.

ಹೀಗೆ ಐಸಿಂಗ್‌ನ ದಂಡ ಜಾಗದ ಲೆಕ್ಕದಿಂದ ದೇಹದ ಲೆಕ್ಕಕ್ಕೆ ಬಂದಿದೆ. 1937ರ ನಿಯಮ ಗೆಲ್ಲುತ್ತಿರುವವರ ಕಾಲಹರಣವನ್ನು ತಡೆಯಲು ಬಂತು. ಈಗಿನ ನಿಯಮದ ನಿಜವಾದ ಬಿಸಿ ತಟ್ಟುವುದು ಮುತ್ತಿಗೆಯಲ್ಲಿ ಸಿಕ್ಕ ದಣಿದವರಿಗೆ, ಸ್ಕೋರ್ ಏನೇ ಇರಲಿ. ಲೀಗ್ ಬಯಸಿದ್ದೂ ಇದನ್ನೇ: ದಣಿದ ರಕ್ಷಣೆ, ಹೊಸ ದಾಳಿ, ಗೋಲು. ಎದುರಾಳಿ ಗೋಲ್‌ಕೀಪರನ್ನು ಹೊರತೆಗೆದಾಗ ಮುನ್ನಡೆಯ ತಂಡದ ಸಂಕಟ ನೋಡಬೇಕು. ದೂರದ ಖಾಲಿ ಬಲೆ ಕಣ್ಣಿಗೆ ಕುಕ್ಕುತ್ತಿರುತ್ತದೆ. ತನ್ನ ಅರ್ಧದಿಂದಲೇ ಹೊಡೆದು ಗುರಿ ತಾಗಿದರೆ ಪಂದ್ಯ ಮುಗಿಯಿತು, ಅಡಿಯಷ್ಟು ತಪ್ಪಿದರೂ ಆರು ಜನರ ಎದುರು ತನ್ನದೇ ದಣಿದ ಐವರೊಂದಿಗೆ ಫೇಸ್‌ಆಫ್‌ಗೆ ನಿಲ್ಲಬೇಕು. ಆರರ ಎದುರು ಐವರಿದ್ದರೂ ಇಲ್ಲಿ ವಿನಾಯಿತಿ ಇಲ್ಲ, ಏಕೆಂದರೆ ಇವರ ಆರನೆಯವನು ಶಿಕ್ಷೆಯ ಪೆಟ್ಟಿಗೆಯಲ್ಲಿಲ್ಲ, ಗೋಲಿನಲ್ಲಿ ನಿಂತಿದ್ದಾನೆ.

ನಮ್ಮ ದೇಶದಲ್ಲಿ ಈ ನಿಯಮದ ಬಿಸಿ ಚೆನ್ನಾಗಿ ಗೊತ್ತಿರುವುದು ಲಡಾಖಿಗಳಿಗೆ. ಚಳಿಗಾಲದಲ್ಲಿ ಲೇಹ್‌ನ ರಿಂಕುಗಳಲ್ಲಿ ಲಡಾಖ್ ಸ್ಕೌಟ್ಸ್, ಐಟಿಬಿಪಿ ಮುಂತಾದ ತಂಡಗಳು ಆಡುತ್ತವೆ. ಭಾರತ 1989ರಿಂದ ಅಂತಾರಾಷ್ಟ್ರೀಯ ಒಕ್ಕೂಟದ ಸದಸ್ಯ. ಲಡಾಖಿ ಹುಡುಗಿಯರೇ ಹೆಚ್ಚಾಗಿರುವ ಭಾರತದ ಮಹಿಳಾ ತಂಡ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರ್ ಎತ್ತರದ ಲೇಹ್‌ನಲ್ಲಿ, ಬಯಲಿನಿಂದ ಹೋದವರಿಗೆ ಮೆಟ್ಟಿಲು ಹತ್ತುವುದೇ ಏದುಸಿರಾಗುವಲ್ಲಿ, ದಣಿದ ಐವರು ಬದಲಿಯಿಲ್ಲದೆ ನಿಲ್ಲುವುದು ಎಂಥ ಶಿಕ್ಷೆ ಎಂಬುದಕ್ಕೆ ವಿವರಣೆ ಬೇಕಿಲ್ಲ.

ಅಭಿಮಾನಿಗಳ ಜಗಳ ಈಗ ಬೇರೆ ಕಡೆ ಸರಿದಿದೆ. ಎನ್‌ಎಚ್‌ಎಲ್‌ನಲ್ಲಿ 2005ರಲ್ಲೇ ಬಂದ ಇನ್ನೊಂದು ನಿಯಮದ ಪ್ರಕಾರ ತನ್ನ ವಲಯದಿಂದ ಹೊಡೆದ ಪಕ್ ಗಾಜಿನ ಗೋಡೆಯ ಮೇಲಿಂದ ಹಾರಿ ಪ್ರೇಕ್ಷಕರ ಮಧ್ಯೆ ಬಿದ್ದರೆ ಎರಡು ನಿಮಿಷದ ಶಿಕ್ಷೆ, ಬೇಕೆಂದು ಹೊಡೆದರೂ ಕೈತಪ್ಪಿ ಹೋದರೂ. ಅದೇ ಒತ್ತಡದಲ್ಲಿ, ಅದೇ ಉದ್ದೇಶದಿಂದ ಉದ್ದಕ್ಕೆ ಅಟ್ಟಿದರೆ ಬರೀ ಫೇಸ್‌ಆಫ್. ಗಾಜು ದಾಟಿದ್ದನ್ನೂ ಐಸಿಂಗ್‌ನಂತೆಯೇ ನೋಡಿ, ಆಟಗಾರರನ್ನು ಬದಲಿಸಲು ಬಿಡದಿದ್ದರೆ ಸಾಕು ಎಂಬ ಸಲಹೆ ಆಗಾಗ ಏಳುತ್ತದೆ. ಒಪ್ಪತಕ್ಕ ಸಲಹೆಯೇ: ಕೈತಪ್ಪಿದ ಒಂದು ಹೊಡೆತಕ್ಕೆ ಎರಡು ನಿಮಿಷ ಹೆಚ್ಚಾಯಿತು.

ಶಿಕ್ಷೆಯ ಹೊತ್ತಿನ ವಿನಾಯಿತಿಯ ಮೇಲೆ ಈಚೆಗೆ ಗಂಭೀರ ಏಟು ಬಿದ್ದಿರುವುದು ಮಕ್ಕಳ ಆಟದಲ್ಲಿ. ಅಮೆರಿಕದ ಹಾಕಿ ಆಡಳಿತ ಸಂಸ್ಥೆ ಯುಎಸ್‌ಎ ಹಾಕಿ 2017-18ರಿಂದ 14 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಅದನ್ನು ತೆಗೆದುಹಾಕಿತು. ಒಬ್ಬ ಕಡಿಮೆ ಇದ್ದರೂ ಪಕ್ಕನ್ನು ಸುಮ್ಮನೆ ಎಸೆಯಬೇಡಿ, ಹಿಡಿದುಕೊಳ್ಳಿ, ತಿರುಗಿ, ಪಾಸ್ ಕೊಡಿ, ದಾರಿ ಹುಡುಕಿ ಎಂದು ಕಲಿಸುವುದು ಅವರ ಉದ್ದೇಶ. ಚಿಕ್ಕಂದಿನಿಂದ ಎಸೆಯುವುದನ್ನೇ ಅಭ್ಯಾಸ ಮಾಡಿದವನು ದೊಡ್ಡವನಾದ ಮೇಲೂ ಅದನ್ನೇ ಮಾಡುತ್ತಾನೆ ಎಂಬುದು ಬದಲಾವಣೆಯ ಪರ ಇದ್ದವರ ವಾದ. ದಣಿದ ಮಕ್ಕಳು ಗೋಲಿನ ಮುಂದೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬುದು ವಿರೋಧಿಸಿದ ಕೋಚುಗಳ ದೂರು. ಆ ನಿಯಮದಡಿ ಆಟ ಕಲಿತ ಮೊದಲ ತಲೆಮಾರಿನ ಹುಡುಗರು ಈಗ ಇಪ್ಪತ್ತರ ಆಸುಪಾಸಿನಲ್ಲಿ ಕಾಲೇಜು ತಂಡಗಳಲ್ಲಿ, ವೃತ್ತಿಪರ ಲೀಗುಗಳ ಹೊಸ್ತಿಲಲ್ಲಿ ಇದ್ದಾರೆ. ಅಲ್ಲಿ ಇನ್ನೂ ಹಳೆಯ ವಿನಾಯಿತಿಯೇ ನಡೆಯುತ್ತಿದೆ.